ಕೆರೆಯ ಜೀವವೈವಿಧ್ಯವನ್ನು ಎಣಿಸುವ, ಅರ್ಥ ಮಾಡಿಕೊಳ್ಳುವ ಬಗೆ

ಕೆರೆಗಳ ಜೀವವೈವಿಧ್ಯದ ಬಗ್ಗೆ ಬರೆದ ವರದಿಗಳು ಬಹುಪಾಲು ಒಂದು ಪಟ್ಟಿಯಲ್ಲಿ ಮುಗಿಯುತ್ತವೆ: ಹಕ್ಕಿಗಳು ಇಷ್ಟು, ಮೀನುಗಳು ಇಷ್ಟು, ಗಿಡಮರಗಳು ಇಷ್ಟು. ಪಟ್ಟಿ ಬೇಕೇ ಬೇಕು. ಆದರೆ ಕೆರೆ ಚೆನ್ನಾಗಿದೆಯೇ, ಕೆಡುತ್ತಿದೆಯೇ, ಕೆಡುತ್ತಿದ್ದರೆ ಯಾವ ಕಾರಣಕ್ಕೆ ಎಂಬುದನ್ನು ಪಟ್ಟಿಯೊಂದೇ ಹೇಳಲಾರದು. ಅದಕ್ಕೆ ಯಾವ ಜೀವಿ ಕೆರೆಯ ಯಾವ ಭಾಗದಲ್ಲಿದೆ, ಏನನ್ನು ತಿನ್ನುತ್ತದೆ, ನೀರಿಗೆ ಏನು ಬಂದು ಸೇರುತ್ತದೆ, ನೀರಿನಿಂದ ಏನು ಹೊರಹೋಗುತ್ತದೆ ಎಂಬುದನ್ನೂ ಗಮನಿಸಬೇಕಾಗುತ್ತದೆ. ತಮ್ಮ ಊರಿನ ಒಂದು ಕೆರೆಯನ್ನು ಒಂದು ವರ್ಷದವರೆಗೆ ಅಭ್ಯಾಸ ಮಾಡಬಯಸುವ ಕಾಲೇಜು ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಸದಸ್ಯರಿಗಾಗಿ ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಪರಿಸರ ವಿಜ್ಞಾನದ ಮೂಲ ಪರಿಕಲ್ಪನೆಗಳು ಕೆಲಸದ ನಡುವೆ ಎಲ್ಲಿ ಬೇಕಾಗುತ್ತವೆಯೋ ಅಲ್ಲಿಯೇ ಅವುಗಳ ವಿವರಣೆಯನ್ನು ಕೊಟ್ಟಿದ್ದೇನೆ.

ಮೊದಲ ಹೆಜ್ಜೆ: ಗಡಿಯನ್ನು ಗುರುತಿಸಿ, ಕೆರೆಯನ್ನು ಭಾಗ ಮಾಡಿ

ಜೀವಿಗಳನ್ನೂ ಅವುಗಳ ಸುತ್ತಲಿನ ಮಣ್ಣು, ನೀರು, ಗಾಳಿ, ಬೆಳಕುಗಳನ್ನೂ ಬೇರೆ ಬೇರೆಯಾಗಿ ನೋಡದೆ ಒಂದೇ ವ್ಯವಸ್ಥೆಯೆಂದು ನೋಡಬೇಕು ಎಂದು ಬ್ರಿಟನ್ನಿನ ಸಸ್ಯಶಾಸ್ತ್ರಜ್ಞ ಆರ್ಥರ್ ಟ್ಯಾನ್ಸ್ಲಿ 1935ರಲ್ಲಿ ವಾದಿಸಿದರು. ಇಂದು ನಾವು ಪರಿಸರ ವ್ಯವಸ್ಥೆ ಎನ್ನುವುದು ಇದನ್ನೇ. ಇಂತಹ ವ್ಯವಸ್ಥೆಗೆ ನಿಸರ್ಗದಲ್ಲಿ ಬೇಲಿ ಇರುವುದಿಲ್ಲ. ಅಭ್ಯಾಸಕ್ಕೆ ಅನುಕೂಲವಾಗುವಂತೆ ಗಡಿಯನ್ನು ನಾವೇ ತೀರ್ಮಾನಿಸಬೇಕು. ಕೆರೆಯ ಮಟ್ಟಿಗೆ ನೀರು ನಿಲ್ಲುವ ಜಾಗವನ್ನಷ್ಟೇ ಗಡಿಯೆಂದು ಹಿಡಿದರೆ ಅರ್ಧ ವಿಷಯ ಕೈತಪ್ಪುತ್ತದೆ. ನೀರು ಹರಿದು ಬರುವ ಜಲಾನಯನ ಪ್ರದೇಶ ಮತ್ತು ಕಾಲುವೆಗಳು, ಏರಿ, ತೂಬು, ಕೋಡಿ, ಕೆಳಗಿನ ಅಚ್ಚುಕಟ್ಟು ಇವಿಷ್ಟೂ ನಕ್ಷೆಯಲ್ಲಿರಲಿ. ಕರ್ನಾಟಕದ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರುಗಳು ಸಿಗುವುದರಿಂದ ಕೆರೆಯ ದಾಖಲೆಯ ಎಲ್ಲೆಯನ್ನೂ ಕಣ್ಣಿಗೆ ಕಾಣುವ ಎಲ್ಲೆಯನ್ನೂ ಹೋಲಿಸಿ ನೋಡಬಹುದು. ಊರಿನಲ್ಲಿ ನೀರುಗಂಟಿಯ (ತೂಬು ತೆರೆದು ಗದ್ದೆಗಳಿಗೆ ನೀರು ಹಂಚುವವನ) ಕೆಲಸ ಮಾಡಿದ ಹಿರಿಯರಿದ್ದರೆ ಅವರನ್ನು ಕರೆದುಕೊಂಡು ಒಂದು ಸುತ್ತು ಬನ್ನಿ. ಯಾವ ಹಳ್ಳ ಹಿಂದೆ ಕೆರೆಗೆ ಸೇರುತ್ತಿತ್ತು, ಕೋಡಿ ಕೊನೆಯ ಬಾರಿ ಯಾವ ವರ್ಷ ಬಿದ್ದಿತು ಎಂಬ ಮಾಹಿತಿ ಯಾವ ಉಪಗ್ರಹ ಚಿತ್ರದಲ್ಲಿಯೂ ಇಷ್ಟು ಸುಲಭವಾಗಿ ದೊರೆಯುವುದಿಲ್ಲ.

ನಕ್ಷೆ ಸಿದ್ಧವಾದ ಮೇಲೆ ಅದರಲ್ಲಿ ಆವಾಸಗಳನ್ನು ಬೇರೆಯಾಗಿ ಗುರುತಿಸಿ: ಆಳದ ತೆರೆದ ನೀರು, ಮೊಣಕಾಲು ಆಳದೊಳಗಿನ ತೆಳು ನೀರು, ಆಪು ಮತ್ತು ಇತರ ಜೊಂಡುಗಳು ಬೆಳೆದ ಅಂಚು, ನೀರು ಇಳಿದಾಗ ತೆರೆದುಕೊಳ್ಳುವ ಕೆಸರಿನ ಅಂಗಳ, ಏರಿಯ ಮರಗಳು, ಹಿನ್ನೀರಿನ ಹುಲ್ಲುಗಾವಲು, ಅಚ್ಚುಕಟ್ಟಿನ ಗದ್ದೆ. ಮುಂದಿನ ಪ್ರತಿಯೊಂದು ಎಣಿಕೆಯನ್ನೂ ಈ ಭಾಗಗಳಿಗೆ ಅನುಗುಣವಾಗಿಯೇ ಬರೆದಿಡಬೇಕು. “ಕೆರೆಯಲ್ಲಿ ಕಂಡೆ” ಎಂದಷ್ಟೇ ಬರೆದ ಟಿಪ್ಪಣಿ ಮುಂದೆ ಯಾವ ಉಪಯೋಗಕ್ಕೂ ಬಾರದು.

ಎರಡನೆಯ ಹೆಜ್ಜೆ: ಎಣಿಸುವುದು

ರಿಯೊ ಡಿ ಜನೈರೊದಲ್ಲಿ 1992ರಲ್ಲಿ ಸಹಿಗೆ ತೆರೆದುಕೊಂಡ ಜೀವವೈವಿಧ್ಯ ಒಡಂಬಡಿಕೆಯು ಒಂದೇ ಪ್ರಭೇದದೊಳಗಿನ ವೈವಿಧ್ಯ, ಪ್ರಭೇದಗಳ ನಡುವಿನ ವೈವಿಧ್ಯ ಮತ್ತು ಪರಿಸರ ವ್ಯವಸ್ಥೆಗಳ ವೈವಿಧ್ಯ ಎಂಬ ಮೂರು ಮಟ್ಟಗಳನ್ನು ಹೇಳುತ್ತದೆ. ಆವಾಸಗಳ ನಕ್ಷೆ ಮೂರನೆಯದಕ್ಕೆ ಸಂಬಂಧಿಸಿದ್ದು. ಮೊದಲನೆಯದು, ಅಂದರೆ ವಂಶವಾಹಿಗಳ ಮಟ್ಟದ ವೈವಿಧ್ಯವು ಪ್ರಯೋಗಾಲಯದ ವಿಷಯವೆಂದು ಬಿಟ್ಟುಬಿಡುವವರೇ ಹೆಚ್ಚು. ಆದರೆ ಅಚ್ಚುಕಟ್ಟಿನಲ್ಲಿ ರಾಜಮುಡಿ, ರತ್ನಚೂಡಿಯಂತಹ ನಾಟಿ ಭತ್ತದ ತಳಿಗಳನ್ನು ಈಗಲೂ ಯಾರಾದರೂ ಬೆಳೆಯುತ್ತಿದ್ದಾರೆಯೇ ಎಂದು ವಿಚಾರಿಸಿ ದಾಖಲಿಸುವುದಕ್ಕೆ ಪ್ರಯೋಗಾಲಯ ಬೇಕಾಗಿಲ್ಲ. ಒಂದೇ ಪ್ರಭೇದದೊಳಗಿನ ವೈವಿಧ್ಯವೆಂದರೆ ಅದೂ ಹೌದು.

ಪ್ರಭೇದಗಳ ಎಣಿಕೆಯಲ್ಲಿ ಹಕ್ಕಿಗಳಿಂದ ಆರಂಭಿಸುವುದು ಸುಲಭ. ಕೆರೆಯ ಸುತ್ತ ಕನಿಷ್ಠ 200 ಮೀಟರ್ ಅಂತರದಲ್ಲಿ ಬಿಂದುಗಳನ್ನು ಗುರುತಿಸಿ, ಸೂರ್ಯೋದಯದ ನಂತರದ ಎರಡು ಮೂರು ಗಂಟೆಗಳೊಳಗೆ ಪ್ರತಿ ಬಿಂದುವಿನಲ್ಲಿಯೂ ಹತ್ತು ನಿಮಿಷ ನಿಂತು, ಕಂಡ ಪ್ರಭೇದ, ಸಂಖ್ಯೆ, ಆವಾಸ ಮತ್ತು ಅದು ಮಾಡುತ್ತಿದ್ದ ಕೆಲಸ ಈ ನಾಲ್ಕನ್ನೂ ಬರೆಯಿರಿ. ನಾಮದಕೋಳಿ ಮತ್ತು ಗುಳುಮುಳುಕಗಳು ತೆರೆದ ನೀರಿನಲ್ಲಿ, ಜಂಬುಕೋಳಿ ಜೊಂಡಿನ ನಡುವೆ, ಬೆಳ್ಳಕ್ಕಿ ಮತ್ತು ಕೊಳದ ಬಕಗಳು ತೆಳು ನೀರಿನಲ್ಲಿ, ಟಿಟ್ಟಿಭ ಒಣ ಅಂಗಳದಲ್ಲಿ ಕಾಣಿಸುತ್ತವೆ ಎಂಬುದು ಕೆಲವೇ ದಿನಗಳಲ್ಲಿ ನಿಮ್ಮ ಟಿಪ್ಪಣಿಯಿಂದಲೇ ಸ್ಪಷ್ಟವಾಗುತ್ತದೆ. ಒಂದೇ ಕೆರೆಯಲ್ಲಿ ಇಷ್ಟು ಜಾತಿಯ ಹಕ್ಕಿಗಳು ಒಂದನ್ನೊಂದು ಹೊರದೂಡದೆ ಬದುಕಲು ಮುಖ್ಯ ಕಾರಣ ಈ ಹಂಚಿಕೆಯೇ. ಕಾಲಿನ ಉದ್ದ, ಕೊಕ್ಕಿನ ಆಕಾರ, ಮುಳುಗುವ ಆಳ ಇವು ಬೇರೆಯಾದಂತೆ ಸಿಗುವ ಆಹಾರವೂ ಬೇರೆಯಾಗುತ್ತದೆ. ಒಂದು ಪ್ರಭೇದಕ್ಕೆ ಬೇಕಾದ ಪರಿಸ್ಥಿತಿಗಳು, ಅದು ಬಳಸುವ ಸಂಪನ್ಮೂಲಗಳು ಮತ್ತು ವ್ಯವಸ್ಥೆಯಲ್ಲಿ ಅದು ವಹಿಸುವ ಪಾತ್ರ ಇವೆಲ್ಲ ಸೇರಿ ಆ ಪ್ರಭೇದದ ಜೀವಿನೆಲೆ ಎನಿಸುತ್ತವೆ.

ಗಿಡಗಳಿಗೆ ಒಂದು ಮೀಟರ್ ಉದ್ದಗಲದ ಚೌಕಟ್ಟನ್ನು ಪಿವಿಸಿ ಪೈಪಿನಿಂದ ಮಾಡಿಕೊಳ್ಳಿ. ನೀರಿನ ಅಂಚಿನಿಂದ ಏರಿಯ ಕಡೆಗೋ ಹುಲ್ಲುಗಾವಲಿನ ಕಡೆಗೋ ಒಂದು ಹಗ್ಗವನ್ನು ನೇರವಾಗಿ ಎಳೆದು, ಐದು ಮೀಟರಿಗೊಮ್ಮೆ ಚೌಕಟ್ಟನ್ನಿಟ್ಟು ಒಳಗಿರುವ ಪ್ರಭೇದಗಳನ್ನೂ ಪ್ರತಿಯೊಂದೂ ಆವರಿಸಿರುವ ಜಾಗದ ಶೇಕಡಾವಾರು ಪ್ರಮಾಣವನ್ನೂ ಬರೆಯಿರಿ. ಚೆಂದ ಕಂಡಲ್ಲಿ ಚೌಕಟ್ಟು ಇಡುವ ಆಸೆಯನ್ನು ಬಿಡಬೇಕು. ಅಂತರ ಮೊದಲೇ ನಿಗದಿಯಾಗಿದ್ದರೆ ಮಾತ್ರ ಲೆಕ್ಕಕ್ಕೆ ಬೆಲೆ. ಮೀನುಗಳನ್ನು ಎಣಿಸಲು ನೀರಿಗೆ ಇಳಿಯಬೇಡಿ. ಮೀನುಗಾರರು ಬಲೆ ಎಳೆದ ದಿನ ಬುಟ್ಟಿಗಳನ್ನು ನೋಡಿ, ಯಾವ ಜಾತಿ ಎಷ್ಟು ತೂಕ ಎಂದು ಅವರಿಂದಲೇ ತಿಳಿದುಕೊಳ್ಳಿ. ಬಿತ್ತನೆ ಮರಿಗಳಾಗಿ ಬಿಟ್ಟ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆಗಳನ್ನು ಪ್ರತ್ಯೇಕ ಅಂಕಣದಲ್ಲಿಡಿ. ಅವು ಕೆರೆಯಲ್ಲಿ ತಾವಾಗಿ ನೆಲೆಸಿದ ಮೀನುಗಳಲ್ಲ. ಸುರಕ್ಷತೆಯ ಬಗ್ಗೆ ಒಂದು ಮಾತು: ಮಣ್ಣು ತೆಗೆದ ಕೆರೆಗಳಲ್ಲಿ ಹೂಳಿನ ಕೆಳಗೆ ಆಳದ ಗುಂಡಿಗಳಿರುತ್ತವೆ, ಆದ್ದರಿಂದ ಒಬ್ಬರೇ ಹೋಗಬಾರದು.

ಎಷ್ಟು ಎಣಿಸಿದರೆ ಸಾಕು ಎಂಬ ಪ್ರಶ್ನೆಗೆ ಒಂದು ರೇಖಾಚಿತ್ರ ಉತ್ತರ ಕೊಡುತ್ತದೆ. ಅಡ್ಡಗೆರೆಯಲ್ಲಿ ಎಣಿಕೆಗಳ ಸಂಖ್ಯೆಯನ್ನೂ ಲಂಬಗೆರೆಯಲ್ಲಿ ಅಲ್ಲಿಯವರೆಗೆ ಸಿಕ್ಕ ಒಟ್ಟು ಪ್ರಭೇದಗಳನ್ನೂ ಗುರುತಿಸುತ್ತ ಹೋಗಿ. ಮೊದಲು ಕಡಿದಾಗಿ ಏರುವ ಗೆರೆ ಕ್ರಮೇಣ ಮಟ್ಟಸವಾಗುತ್ತದೆ. ಇನ್ನೂ ಏರುತ್ತಲೇ ಇದ್ದರೆ ನಿಮ್ಮ ಪಟ್ಟಿ ಅಪೂರ್ಣವೆಂದು ತಿಳಿಯಬೇಕು. ಋತುಗಳನ್ನಂತೂ ಬಿಡುವಂತಿಲ್ಲ. ವಲಸೆ ಹಕ್ಕಿಗಳಿರುವ ಡಿಸೆಂಬರ್‌ನಿಂದ ಫೆಬ್ರುವರಿಯವರೆಗಿನ ಚಳಿಗಾಲ, ಕೆಸರು ತೆರೆದುಕೊಳ್ಳುವ ಬೇಸಿಗೆ, ನೀರು ತುಂಬುವ ಮಳೆಗಾಲ ಈ ಮೂರರಲ್ಲಿಯೂ ಎಣಿಕೆ ನಡೆಯಬೇಕು. 1987ರಿಂದ ನಡೆದುಬಂದಿರುವ ಏಷ್ಯಾದ ನೀರುಹಕ್ಕಿಗಳ ಗಣತಿ ಪ್ರತಿ ವರ್ಷ ಜನವರಿಯಲ್ಲಿ ನಡೆಯುವುದರಿಂದ ನಿಮ್ಮ ಚಳಿಗಾಲದ ಎಣಿಕೆಯನ್ನು ಅದರೊಂದಿಗೆ ಹೊಂದಿಸಿಕೊಳ್ಳುವುದು ಜಾಣತನ.

ಮೂರನೆಯ ಹೆಜ್ಜೆ: ಅಂಕಿಗಳನ್ನು ಲೆಕ್ಕಕ್ಕೆ ತರುವುದು

ಉದಾಹರಣೆಗೆ ಎರಡು ಕಲ್ಪಿತ ಕೆರೆಗಳನ್ನು ತೆಗೆದುಕೊಳ್ಳೋಣ. ಎರಡರಲ್ಲಿಯೂ ಐದು ಜಾತಿಯ 100 ಹಕ್ಕಿಗಳಿವೆ. ಮೊದಲನೆಯದರಲ್ಲಿ ಪ್ರತಿ ಜಾತಿಯೂ 20. ಎರಡನೆಯದರಲ್ಲಿ ಒಂದೇ ಜಾತಿ 80, ಉಳಿದ ನಾಲ್ಕು ಜಾತಿಗಳು ತಲಾ 5. ಪ್ರಭೇದಗಳ ಸಂಖ್ಯೆಯನ್ನಷ್ಟೇ ನೋಡುವ ವರದಿಗೆ ಇವೆರಡೂ ಸಮಾನ. ಆದರೆ 1949ರಲ್ಲಿ ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ ಸಿಂಪ್ಸನ್ ಮುಂದಿಟ್ಟ ಅಳತೆಯಿಂದ ವ್ಯತ್ಯಾಸ ಹೊರಬೀಳುತ್ತದೆ. ಪ್ರತಿ ಪ್ರಭೇದದ ಪಾಲನ್ನು ದಶಮಾಂಶದಲ್ಲಿ ಬರೆದು, ಅದರ ವರ್ಗ ಮಾಡಿ, ಎಲ್ಲವನ್ನೂ ಕೂಡಿಸಿ, ಬಂದ ಮೊತ್ತವನ್ನು ಒಂದರಿಂದ ಕಳೆಯಬೇಕು. ಮೊದಲ ಕೆರೆಯಲ್ಲಿ 0.2ರ ವರ್ಗ 0.04, ಐದು ಬಾರಿ ಕೂಡಿದರೆ 0.20, ಆದ್ದರಿಂದ ಸೂಚ್ಯಂಕ 0.80. ಎರಡನೆಯದರಲ್ಲಿ 0.64 ಮತ್ತು ನಾಲ್ಕು ಬಾರಿ 0.0025 ಸೇರಿ 0.65, ಆದ್ದರಿಂದ ಸೂಚ್ಯಂಕ 0.35. ಮೊದಲ ಕೆರೆಯಲ್ಲಿ ಯಾದೃಚ್ಛಿಕವಾಗಿ ಎರಡು ಹಕ್ಕಿಗಳನ್ನು ಆರಿಸಿದರೆ ಅವು ಬೇರೆ ಬೇರೆ ಜಾತಿಯವಾಗಿರುವ ಸಂಭವ ಸುಮಾರು ಶೇ. 80, ಎರಡನೆಯದರಲ್ಲಿ ಸುಮಾರು ಶೇ. 35 ಎಂದು ಇದರ ಅರ್ಥ. ಪ್ರಭೇದಗಳ ಸಂಖ್ಯೆಯನ್ನು ಸಮೃದ್ಧಿ ಎಂದೂ, ಅವುಗಳ ನಡುವಿನ ಹಂಚಿಕೆಯನ್ನು ಸಮತೆ ಎಂದೂ ಕರೆಯುತ್ತಾರೆ. ವೈವಿಧ್ಯವನ್ನು ಅಳೆಯುವ ಶ್ಯಾನನ್ ಸೂಚ್ಯಂಕ ಎಂಬ ಇನ್ನೊಂದು ಅಳತೆಯೂ ಹೆಚ್ಚು ಬಳಕೆಯಲ್ಲಿದೆ. ಆದರೆ ಲಾಗರಿದಮ್ ಬೇಡದ ಸಿಂಪ್ಸನ್ ಸೂಚ್ಯಂಕವನ್ನು ಹೈಸ್ಕೂಲು ಮಕ್ಕಳೂ ಲೆಕ್ಕ ಮಾಡಬಲ್ಲರು, ನನ್ನ ಆಯ್ಕೆ ಅದೇ.

ಇನ್ನೊಂದು ಲೆಕ್ಕ ಆವಾಸಗಳ ನಡುವಿನದು. ಅಮೆರಿಕದ ಸಸ್ಯ ಪರಿಸರತಜ್ಞ ರಾಬರ್ಟ್ ವಿಟೇಕರ್ 1960ರಲ್ಲಿ ಒಂದು ಆವಾಸದೊಳಗಿನ ವೈವಿಧ್ಯವನ್ನು ಆಲ್ಫಾ, ಆವಾಸದಿಂದ ಆವಾಸಕ್ಕೆ ಆಗುವ ಬದಲಾವಣೆಯನ್ನು ಬೀಟಾ, ಇಡೀ ಪ್ರದೇಶದ ವೈವಿಧ್ಯವನ್ನು ಗಾಮಾ ಎಂದು ವಿಂಗಡಿಸಿದರು. ತೆಳು ನೀರಿನ ಅಂಚಿನಲ್ಲಿ 18, ಆಳದ ನೀರಿನಲ್ಲಿ 9, ಎರಡರಲ್ಲಿಯೂ ಕಾಣುವಂತಹವು 6 ಜಾತಿಗಳಿದ್ದರೆ ಒಟ್ಟು ಗಾಮಾ 21. ಆಲ್ಫಾದ ಸರಾಸರಿ 13.5 ಆದ್ದರಿಂದ ಬೀಟಾ 21ನ್ನು 13.5ರಿಂದ ಭಾಗಿಸಿದಾಗ ಬರುವ 1.56. ಎರಡೂ ಕಡೆ ಅವೇ ಜಾತಿಗಳಿದ್ದರೆ ಬೀಟಾ 1 ಆಗುತ್ತದೆ, ಒಂದೂ ಸಮಾನವಾಗಿಲ್ಲದಿದ್ದರೆ 2. ಮೊದಲ ಹೆಜ್ಜೆಯಲ್ಲಿ ಆವಾಸಗಳನ್ನು ಬೇರ್ಪಡಿಸದಿದ್ದವರಿಗೆ ಈ ಲೆಕ್ಕ ಸಾಧ್ಯವಿಲ್ಲ. ಕೆರೆಗೆ ಯಾವ ಭಾಗ ಹೆಚ್ಚು ಜಾತಿಗಳನ್ನು ಕೊಡುತ್ತಿದೆ ಎಂಬ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ. ಬಹುತೇಕ ಕೆರೆಗಳಲ್ಲಿ ಆ ಉತ್ತರ ಅಂಚು ಎಂದೇ ಬರುತ್ತದೆ.

ನಾಲ್ಕನೆಯ ಹೆಜ್ಜೆ: ಯಾರು ಯಾರನ್ನು ತಿನ್ನುತ್ತಾರೆ

ದೊಡ್ಡ ಕಾಗದದ ಕೆಳಭಾಗದಲ್ಲಿ ಉತ್ಪಾದಕಗಳನ್ನು, ಅಂದರೆ ಬೆಳಕಿನಿಂದ ತಮ್ಮ ಆಹಾರವನ್ನು ತಾವೇ ತಯಾರಿಸುವವುಗಳನ್ನು ಬರೆಯಿರಿ: ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಗಳು, ಮುಳುಗಿದ ಗಿಡಗಳು, ನೈದಿಲೆ, ಆಪು. ಅದರ ಮೇಲೆ ಪ್ರಾಣಿಪ್ಲವಕಗಳು (ನೀರಿನಲ್ಲಿ ತೇಲುವ ಅತಿ ಸಣ್ಣ ಪ್ರಾಣಿಗಳು), ಬಸವನಹುಳು, ಗೊದಮೊಟ್ಟೆ. ಮೇಲೆ ಜಲಕೀಟಗಳು, ಸಣ್ಣ ಮೀನು, ಕಪ್ಪೆ. ಅದರ ಮೇಲೆ ದೊಡ್ಡ ಮೀನು, ನೀರುಹಾವು, ಮಿಂಚುಳ್ಳಿ, ನೀರುಕಾಗೆ. ನಿಮ್ಮ ಟಿಪ್ಪಣಿಯಲ್ಲಿ “ಏನು ಮಾಡುತ್ತಿತ್ತು” ಎಂಬ ಅಂಕಣವಿದೆಯಷ್ಟೆ. ತಿನ್ನುವುದನ್ನು ಕಣ್ಣಾರೆ ಕಂಡ ಸಂಬಂಧಗಳಿಗೆ ಗಟ್ಟಿ ಬಾಣ, ಓದಿ ತಿಳಿದುಕೊಂಡವುಗಳಿಗೆ ಚುಕ್ಕೆಯ ಬಾಣ ಎಳೆಯಿರಿ. ಬಾಣದ ತುದಿ ತಿನ್ನುವ ಜೀವಿಯ ಕಡೆಗಿರಲಿ, ಶಕ್ತಿ ಹರಿಯುವುದು ಆ ದಿಕ್ಕಿಗೆ. ಸತ್ತ ಎಲೆ, ಹಿಕ್ಕೆ, ಹೆಣಗಳನ್ನು ಕೊಳೆಸುವ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳನ್ನು ಒಂದು ಬದಿಯಲ್ಲಿ ಬರೆದು ಎಲ್ಲರಿಂದಲೂ ಅವುಗಳ ಕಡೆಗೆ ಬಾಣ ಎಳೆಯಬೇಕು. ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಇವಕ್ಕೆ ಮೂಲೆಯಲ್ಲಿ ಜಾಗ ಸಿಗುತ್ತದೆ, ಕೆರೆಯ ತಳದ ಹೂಳಿನಲ್ಲಿ ಮಾತ್ರ ಕೆಲಸದ ದೊಡ್ಡ ಪಾಲು ಇವುಗಳದ್ದೇ.

ಅಮೆರಿಕದ ಮಿನೆಸೋಟದ ಸೀಡರ್ ಬಾಗ್ ಎಂಬ ಪುಟ್ಟ ಸರೋವರವನ್ನು ಅಭ್ಯಾಸ ಮಾಡಿದ ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್, ಒಂದು ಹಂತದಿಂದ ಮುಂದಿನ ಹಂತಕ್ಕೆ ಶಕ್ತಿ ದಾಟುವ ಬಗೆಯನ್ನು 1942ರಲ್ಲಿ ಲೆಕ್ಕಕ್ಕೆ ತಂದರು. ಸ್ಥೂಲವಾಗಿ ಹತ್ತನೇ ಒಂದು ಭಾಗ ಮಾತ್ರ ಮೇಲೇರುತ್ತದೆ, ಉಳಿದದ್ದು ಉಸಿರಾಟದಲ್ಲಿ ಶಾಖವಾಗಿ, ತಿನ್ನದೆ ಬಿಟ್ಟ ಭಾಗವಾಗಿ, ಹಿಕ್ಕೆಯಾಗಿ ಹೋಗುತ್ತದೆ. ಹತ್ತನೇ ಒಂದು ಎಂಬುದು ಕಟ್ಟುನಿಟ್ಟಾದ ನಿಯಮವಲ್ಲ, ವ್ಯವಸ್ಥೆಯಿಂದ ವ್ಯವಸ್ಥೆಗೆ ಅದು ಬದಲಾಗುತ್ತದೆ. ಆದರೂ ಮೀನು ತಿನ್ನುವ ಹಕ್ಕಿಗಳು ಮೀನುಗಳಿಗಿಂತ ಏಕೆ ಕಡಿಮೆ, ಆಹಾರ ಸರಪಳಿಗಳು ನಾಲ್ಕೈದು ಹಂತಗಳಾಚೆ ಏಕೆ ಅಪರೂಪ ಎಂಬುದಕ್ಕೆ ಇದು ಮುಖ್ಯ ವಿವರಣೆ. ನೀರಿನಲ್ಲಿ ಒಂದು ವಿಚಿತ್ರವೂ ಕಾಣಬಹುದು. ಯಾವುದೋ ಒಂದು ದಿನ ಅಳೆದಾಗ ಪಾಚಿಯ ಒಟ್ಟು ತೂಕಕ್ಕಿಂತ ಅದನ್ನು ತಿನ್ನುವ ಪ್ರಾಣಿಪ್ಲವಕಗಳ ತೂಕವೇ ಹೆಚ್ಚಿರಬಹುದು. ಪಾಚಿ ಒಂದೆರಡು ದಿನಗಳಲ್ಲಿಯೇ ಇಮ್ಮಡಿಯಾಗಬಲ್ಲದಾದ್ದರಿಂದ ಸ್ವಲ್ಪವೇ ಇದ್ದರೂ ಹೆಚ್ಚು ಬಾಯಿಗಳನ್ನು ಸಾಕುತ್ತದೆ. ಹಂತಗಳನ್ನು ಒಂದರ ಮೇಲೊಂದು ಇಟ್ಟು ಚಿತ್ರಿಸಿದರೆ ತೂಕದ ಪಿರಮಿಡ್ ತಲೆಕೆಳಗಾಗಬಹುದು, ಶಕ್ತಿಯ ಪಿರಮಿಡ್ ಎಂದಿಗೂ ಇಲ್ಲ.

ಐದನೆಯ ಹೆಜ್ಜೆ: ನೀರಿಗೆ ಏನು ಸೇರುತ್ತಿದೆ ಎಂದು ನೋಡುವುದು

ಶಕ್ತಿ ಹರಿದುಹೋಗುತ್ತದೆ, ಪೋಷಕಾಂಶಗಳು ಸುತ್ತುತ್ತವೆ. ಕೆರೆಯ ಹಣೆಬರಹವನ್ನು ಹೆಚ್ಚಾಗಿ ನಿರ್ಧರಿಸುವ ಪೋಷಕಾಂಶ ರಂಜಕ (ಫಾಸ್ಫರಸ್). ಕೆನಡಾದ ಒಂಟಾರಿಯೊದ ಪ್ರಾಯೋಗಿಕ ಸರೋವರಗಳ ಪ್ರದೇಶದಲ್ಲಿ ಪರಿಸರ ವಿಜ್ಞಾನಿ ಡೇವಿಡ್ ಶಿಂಡ್ಲರ್ ತಂಡವು 1973ರಲ್ಲಿ 226ನೇ ಸಂಖ್ಯೆಯ ಸರೋವರವನ್ನು ಪರದೆಯಿಂದ ಎರಡು ಭಾಗ ಮಾಡಿ, ಎರಡಕ್ಕೂ ಇಂಗಾಲ ಮತ್ತು ಸಾರಜನಕವನ್ನು, ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿತು. ರಂಜಕ ಬಿದ್ದ ಭಾಗ ಪಾಚಿಯಿಂದ ಹಸಿರಾಯಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ನಮ್ಮ ಕೆರೆಗಳಿಗೆ ರಂಜಕ ಬರುವುದು ಹೊಲದ ಗೊಬ್ಬರ, ಮನೆಗಳ ಚರಂಡಿ ಮತ್ತು ಮಾರ್ಜಕಗಳಿಂದ. ಆದ್ದರಿಂದ ನಕ್ಷೆಯಲ್ಲಿ ಪ್ರತಿ ಕಾಲುವೆ ಕೆರೆಗೆ ಸೇರುವ ಜಾಗವನ್ನೂ ಅಲ್ಲಿನ ನೀರಿನ ಬಣ್ಣ, ವಾಸನೆ, ನೊರೆಗಳನ್ನೂ ದಾಖಲಿಸಿ.

ಮೂರು ಅಳತೆಗಳು ಸಾಕಾಗುತ್ತವೆ. ಮೊದಲನೆಯದು ತಿಳಿತನ. ಇಟಲಿಯ ಖಗೋಳಜ್ಞ ಆಂಜೆಲೊ ಸೆಕ್ಕಿ 1865ರಲ್ಲಿ ಬಳಸಿದ ವಿಧಾನದ ಸುಧಾರಿತ ರೂಪ ಇಂದಿಗೂ ಚಾಲ್ತಿಯಲ್ಲಿದೆ: 20 ಸೆಂಟಿಮೀಟರ್ ವ್ಯಾಸದ, ಕಪ್ಪು ಬಿಳುಪು ಕಾಲುಭಾಗಗಳಿರುವ ತಟ್ಟೆಯನ್ನು ಅಳತೆ ಗುರುತಿಸಿದ ಹಗ್ಗಕ್ಕೆ ಕಟ್ಟಿ, ನಡುಹಗಲಿನಲ್ಲಿ ತೆಪ್ಪದ ನೆರಳಿನ ಕಡೆ ಇಳಿಸಿ, ಕಣ್ಮರೆಯಾಗುವ ಆಳ ಮತ್ತು ಮೇಲೆತ್ತುವಾಗ ಮತ್ತೆ ಕಾಣುವ ಆಳಗಳ ಸರಾಸರಿಯನ್ನು ಬರೆಯಬೇಕು. ಮಳೆಗಾಲದ ಕೆಂಬಣ್ಣದ ಕದಡಿಗೂ ಪಾಚಿಯ ಹಸಿರಿಗೂ ಕಾರಣ ಬೇರೆಯಾದ್ದರಿಂದ ಬಣ್ಣವನ್ನೂ ಬರೆಯುವುದನ್ನು ಮರೆಯಬಾರದು. ಎರಡನೆಯದು ಪಿಹೆಚ್, ಅಂದರೆ ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ. ಮೂರನೆಯದು ಮತ್ತು ಅತಿ ಮುಖ್ಯವಾದದ್ದು ನೀರಿನಲ್ಲಿ ಕರಗಿದ ಆಮ್ಲಜನಕ. ಇದಕ್ಕೆ ಸರಳ ಕಿಟ್‌ಗಳು ಸಿಗುತ್ತವೆ. ವನ್ಯಜೀವಿಗಳಿಗೂ ಮೀನುಗಾರಿಕೆಗೂ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಮತ್ತು 6.5ರಿಂದ 8.5ರ ನಡುವಿನ ಪಿಹೆಚ್ ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಮಧ್ಯಾಹ್ನ ಮಾತ್ರ ಅಳೆದರೆ ಮೋಸಹೋಗುವಿರಿ. ಹಗಲಿನಲ್ಲಿ ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿಯಿಡೀ ಪಾಚಿಯೂ ಸೇರಿ ಎಲ್ಲವೂ ಅದನ್ನು ಬಳಸುತ್ತವೆ, ಹೀಗಾಗಿ ಹಸಿರುಗಟ್ಟಿದ ಕೆರೆಯಲ್ಲಿ ಸೂರ್ಯೋದಯಕ್ಕೆ ಮುಂಚೆ ಆಮ್ಲಜನಕದ ಮಟ್ಟ ತೀರ ಕೆಳಗಿಳಿಯುತ್ತದೆ. ಬೆಳಗಾಗುವಷ್ಟರಲ್ಲಿ ಮೀನುಗಳು ಸತ್ತು ತೇಲುವುದನ್ನು ಯಾರೋ ವಿಷ ಹಾಕಿದ್ದಾರೆ ಎಂದು ತಿಳಿಯುವುದುಂಟು. ಹಲವು ಸಲ ಕಾರಣ ಈ ಉಸಿರುಕಟ್ಟುವಿಕೆಯೇ ಆಗಿರುತ್ತದೆ.

ಆಳವಿಲ್ಲದ ಕೆರೆಗಳು ಎರಡು ಸ್ಥಿತಿಗಳಲ್ಲಿ ಸ್ಥಿರವಾಗಿ ನಿಲ್ಲಬಲ್ಲವು ಎಂಬುದನ್ನೂ ತಿಳಿದಿರಬೇಕು. ಮುಳುಗಿದ ಗಿಡಗಳಿರುವ ತಿಳಿನೀರಿನ ಸ್ಥಿತಿಯಲ್ಲಿ ಬೇರುಗಳು ಹೂಳನ್ನು ಹಿಡಿದಿಡುತ್ತವೆ, ಗಿಡಗಳ ನಡುವೆ ಅಡಗಿದ ಪ್ರಾಣಿಪ್ಲವಕಗಳು ಪಾಚಿಯನ್ನು ಮೇಯುತ್ತವೆ. ಪೋಷಕಾಂಶ ಹೆಚ್ಚಾಗಿ ಪಾಚಿ ಮೇಲುಗೈ ಪಡೆದರೆ ಬೆಳಕು ತಳ ತಲುಪದೆ ಗಿಡಗಳು ಸಾಯುತ್ತವೆ, ಹೂಳು ಏಳುತ್ತದೆ, ಅದರೊಂದಿಗೆ ರಂಜಕವೂ ಏಳುತ್ತದೆ. ತಳ ಕೆದಕಿ ತಿನ್ನುವ ಸಾಮಾನ್ಯ ಗೆಂಡೆ ಇದಕ್ಕೆ ಇನ್ನಷ್ಟು ನೆರವಾಗುತ್ತದೆ. ಒಮ್ಮೆ ಈ ಕಡೆ ವಾಲಿದ ಕೆರೆಯನ್ನು ಹಿಂದಕ್ಕೆ ತರಲು, ಪೋಷಕಾಂಶವನ್ನು ಅದು ವಾಲಿದಾಗ ಇದ್ದ ಮಟ್ಟಕ್ಕೆ ಇಳಿಸಿದರೆ ಸಾಲದು, ಅದಕ್ಕಿಂತ ಬಹಳ ಕೆಳಕ್ಕೆ ಇಳಿಸಬೇಕಾಗುತ್ತದೆ.

ಪೋಷಕಾಂಶಗಳು ನೀರಿನಲ್ಲಷ್ಟೇ ಅಲ್ಲ, ರೆಕ್ಕೆಯ ಮೇಲೂ ಸಾಗುತ್ತವೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮುಂತಾದ ಮರಗಳಲ್ಲಿ ಗೂಡು ಕಟ್ಟಿ ಸುತ್ತಲಿನ ಕೆರೆ, ಹೊಳೆಗಳಿಂದ ಮೀನು ತರುತ್ತವೆ. ಅವುಗಳ ಹಿಕ್ಕೆಯನ್ನು ಅಲ್ಲಿನ ರೈತರು ಗೊಬ್ಬರವಾಗಿ ಬಳಸುತ್ತ ಬಂದಿದ್ದಾರೆ. ಇಲ್ಲಿ ರಂಜಕ ನೀರಿನಿಂದ ನೆಲಕ್ಕೆ ಬರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ದಿಕ್ಕು ತಿರುಗುಮುರುಗು: ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇದು ಕೆರೆಗೆ ಬಂದು ವಿಶ್ರಮಿಸುವುದರಿಂದ ನೆಲದ ಪೋಷಕಾಂಶ ನೀರಿಗೆ ಸೇರುತ್ತದೆ. ನಿಮ್ಮ ಕೆರೆಯಲ್ಲಿ ದೊಡ್ಡ ಹಿಂಡುಗಳಿದ್ದರೆ ಅವು ಎಲ್ಲಿ ತಿಂದು ಎಲ್ಲಿ ತಂಗುತ್ತವೆ ಎಂಬ ಎರಡೂ ಜಾಗಗಳನ್ನು ನಕ್ಷೆಗೆ ಸೇರಿಸಿ. ಮೊದಲು ಹಾಕಿಕೊಂಡ ಗಡಿಯನ್ನು ಆಗ ದೊಡ್ಡದು ಮಾಡಬೇಕಾಗಿ ಬರಬಹುದು.

ಆರನೆಯ ಹೆಜ್ಜೆ: ಹೆಚ್ಚು ಭಾರ ಹೊತ್ತವರು, ಹೊರಗಿನಿಂದ ಬಂದವರು

ಅಮೆರಿಕದ ಪೆಸಿಫಿಕ್ ಕರಾವಳಿಯ ಬಂಡೆಗಳ ಮೇಲಿಂದ ಪರಿಸರ ವಿಜ್ಞಾನಿ ರಾಬರ್ಟ್ ಪೇನ್ ಒಂದೇ ಜಾತಿಯ ನಕ್ಷತ್ರಮೀನನ್ನು ತೆಗೆದುಹಾಕುತ್ತ ಹೋದಾಗ ಅಲ್ಲಿದ್ದ 15 ಪ್ರಭೇದಗಳು 8ಕ್ಕೆ ಇಳಿದವು ಎಂದು 1966ರಲ್ಲಿ ವರದಿ ಮಾಡಿದರು. ಅದು ತಿನ್ನುತ್ತಿದ್ದ ಚಿಪ್ಪುಜೀವಿಗಳು ಜಾಗವನ್ನೆಲ್ಲ ಆಕ್ರಮಿಸಿಕೊಂಡಿದ್ದವು. ಸಂಖ್ಯೆಯಲ್ಲಿ ಕಡಿಮೆಯಿದ್ದೂ ಪ್ರಭಾವದಲ್ಲಿ ಹೆಚ್ಚಿರುವ ಇಂತಹ ಪ್ರಭೇದವನ್ನು ಕೀಲಿಕಲ್ಲಿನ ಪ್ರಭೇದ ಎನ್ನುತ್ತಾರೆ. ಈಗ ಈ ಮಾತನ್ನು ಪ್ರಿಯವಾದ ಪ್ರತಿ ಪ್ರಾಣಿಗೂ ಅಂಟಿಸುವ ಅಭ್ಯಾಸ ಬೆಳೆದಿದೆ. ತೆಗೆದರೆ ಏನಾಗುತ್ತದೆ ಎಂಬ ಆಧಾರವಿಲ್ಲದೆ ಹಾಗೆ ಬರೆಯಬೇಡಿ. ಏರಿಯ ಆಲ, ಅತ್ತಿ, ಅರಳಿ ಮರಗಳು ಬೇರೆ ಹಣ್ಣುಗಳಿಲ್ಲದ ಕಾಲದಲ್ಲಿಯೂ ಹಕ್ಕಿ, ಬಾವಲಿಗಳಿಗೆ ಆಹಾರವಾಗುತ್ತವೆಯೇ ಎಂಬುದನ್ನು ತಿಂಗಳಿಗೊಮ್ಮೆ ಹಣ್ಣು ಬಿಟ್ಟ ಮರಗಳನ್ನು ಎಣಿಸಿ ಪರೀಕ್ಷಿಸಬಹುದು.

ಹೊರಗಿನಿಂದ ಬಂದು ಹರಡಿದವುಗಳಲ್ಲಿ ದಕ್ಷಿಣ ಅಮೆರಿಕ ಮೂಲದ ವಾಟರ್ ಹಯಸಿಂತ್, ಏರಿ ಮತ್ತು ಅಂಗಳದ ಬಳ್ಳಾರಿ ಜಾಲಿ, ಆಫ್ರಿಕಾ ಮೂಲದ ಜಿಲೇಬಿ ಮೀನು ಮತ್ತು ಆಫ್ರಿಕನ್ ಕ್ಯಾಟ್‌ಫಿಶ್‌ಗಳನ್ನು ಕಡ್ಡಾಯವಾಗಿ ಹುಡುಕಿ, ಆವರಿಸಿದ ಪ್ರದೇಶವನ್ನು ಋತುವಿಗೊಮ್ಮೆ ನಕ್ಷೆಯಲ್ಲಿ ಬಣ್ಣ ಹಾಕಿ ತೋರಿಸಿ. ಹಯಸಿಂತ್ ದಟ್ಟವಾಗಿ ಬೆಳೆದಲ್ಲಿ ಚರಂಡಿ ನೀರು ಬರುತ್ತಿರುವ ಸಂಭವ ಹೆಚ್ಚು. ಯಂತ್ರದಿಂದ ಅದನ್ನಷ್ಟೇ ತೆಗೆಸಿ ಕಾಲುವೆಯನ್ನು ಹಾಗೆಯೇ ಬಿಟ್ಟರೆ ಅದು ಮತ್ತೆ ಬೆಳೆಯುತ್ತದೆ.

ಕೆರೆ ಅಭಿವೃದ್ಧಿ ಎಂಬ ಹೆಸರಿನಲ್ಲಿ ನಡೆಯುವ ಕಾಮಗಾರಿಗಳ ಬಗ್ಗೆಯೂ ಇಲ್ಲಿಯೇ ಹೇಳಬೇಕು. ಸುತ್ತಲೂ ಕಡಿದಾಗಿ ಅಗೆದು, ಕಲ್ಲು ಕಟ್ಟಿ, ಮೇಲೆ ನಡಿಗೆ ಪಥ ಮಾಡಿದ ಕೆರೆ ಬೋಗುಣಿಯಂತಾಗುತ್ತದೆ. ನೀರಿನ ಪ್ರಮಾಣ ಹೆಚ್ಚಬಹುದು, ಆದರೆ ತೆಳು ನೀರಿನ ಅಂಚು ಮಾಯವಾಗಿ ಬೆಳ್ಳಕ್ಕಿ, ಬಕ, ಕೆಸರಿನಲ್ಲಿ ಕೊಕ್ಕು ಆಡಿಸುವ ವಲಸೆ ಹಕ್ಕಿಗಳಿಗೆ ನಿಲ್ಲಲು ಜಾಗವಿರುವುದಿಲ್ಲ. ಜೊಂಡಿನ ನಡುವೆ ಮೊಟ್ಟೆಯಿಡುವ ಮೀನು, ಕಪ್ಪೆಗಳೂ ನೆಲೆ ಕಳೆದುಕೊಳ್ಳುತ್ತವೆ. ನಿಮ್ಮ ಕೆರೆಗೆ ಇಂತಹ ಯೋಜನೆ ಬಂದಿದ್ದರೆ ಕೆಲಸ ಆರಂಭವಾಗುವ ಮೊದಲೇ ಅಂಚಿನ ಆಲ್ಫಾ ಮತ್ತು ಇಡೀ ಕೆರೆಯ ಗಾಮಾ ಅಂಕಿಗಳನ್ನು ಪಂಚಾಯಿತಿಯ ಮುಂದಿಡಿ, ಹಿನ್ನೀರಿನ ಕಡೆಯ ದಡವನ್ನಾದರೂ ಇಳಿಜಾರಾಗಿಯೇ ಬಿಡುವಂತೆ ಲಿಖಿತವಾಗಿ ಕೇಳಿ.

ಕೊನೆಯ ಹೆಜ್ಜೆ: ದಾಖಲೆ

ಜೈವಿಕ ವೈವಿಧ್ಯ ಅಧಿನಿಯಮ, 2002ರ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಜನತಾ ಜೀವವೈವಿಧ್ಯ ದಾಖಲಾತಿಯನ್ನು (ಊರಿನ ಜೀವಿಗಳ ಮತ್ತು ಅವುಗಳ ಬಗೆಗಿನ ಸ್ಥಳೀಯ ತಿಳಿವಳಿಕೆಯ ದಾಖಲೆಯನ್ನು) ಸಿದ್ಧಪಡಿಸುವುದು ಆ ಸಮಿತಿಯ ಮುಖ್ಯ ಕೆಲಸ. ನಿಮ್ಮ ನಕ್ಷೆ, ಪಟ್ಟಿ, ಸೂಚ್ಯಂಕ, ನೀರಿನ ಅಳತೆಗಳನ್ನು ಎಣಿಸಿದ ದಿನಾಂಕ, ಬಿಂದು, ವಿಧಾನಗಳ ವಿವರದೊಂದಿಗೆ ಸಮಿತಿಗೆ ಒಪ್ಪಿಸಿ, ಸ್ವೀಕೃತಿ ಪಡೆದುಕೊಳ್ಳಿ. ಹಕ್ಕಿಗಳ ಎಣಿಕೆಯನ್ನು ಅದಕ್ಕಾಗಿಯೇ ಇರುವ ಜಾಲತಾಣ ಇಬರ್ಡ್‌ಗೂ, ಉಳಿದ ಜೀವಿಗಳ ಚಿತ್ರಗಳನ್ನು ಅಂತಹದೇ ಜಾಲತಾಣ ಐನ್ಯಾಚುರಲಿಸ್ಟ್‌ಗೂ ಸೇರಿಸಿದರೆ ಹೆಸರು ತಪ್ಪಿದ್ದನ್ನು ತಿಳಿದವರು ತಿದ್ದುತ್ತಾರೆ. ಗೂಡುಗಳಿರುವ ನಿಖರ ಜಾಗವನ್ನು ಮಾತ್ರ ಸಾರ್ವಜನಿಕವಾಗಿ ಹಾಕಬೇಡಿ, ಗೂಡಿನ ಬಳಿ ಹೋಗಿ ಚಿತ್ರ ತೆಗೆಯುವುದೂ ಬೇಡ. ಮರದ ಔಷಧೀಯ ಬಳಕೆಯಂತಹ ತಿಳಿವಳಿಕೆಯನ್ನು ಊರಿನವರು ಹಂಚಿಕೊಂಡಿದ್ದರೆ ಅದನ್ನು ದಾಖಲಾತಿಯಲ್ಲಿ ಬರೆಯಬಹುದೇ, ಯಾವ ಮಟ್ಟಿಗೆ ಬರೆಯಬಹುದು ಎಂದು ಅವರನ್ನೇ ಮೊದಲು ಕೇಳಬೇಕು. ಮುಂದಿನ ವರ್ಷ ಎಣಿಸುವವರು ನೀವೇ ಆಗಿರಬೇಕೆಂದಿಲ್ಲ. ಆದ್ದರಿಂದ ಪ್ರತಿ ಬಿಂದುವಿನ ಜಿಪಿಎಸ್ ಗುರುತು, ಅಲ್ಲಿಂದ ನೋಡಿದ ದಿಕ್ಕು ಮತ್ತು ಒಂದು ಛಾಯಾಚಿತ್ರವನ್ನು ಕಡತದ ಮೊದಲ ಪುಟಕ್ಕೆ ಲಗತ್ತಿಸಿ.